ಸಂಖ್ಯಾಲೇಖನದಲ್ಲಿ ಲೊಕೇಲ್ ವ್ಯವಸ್ಥೆ: ಒಂದು ವಿಮರ್ಶೆ

ಗಣಕಯಂತ್ರದ ಭಾಷೆಯೊಂದರ ಪ್ರಮಾಣಗ್ರಂಥದಲ್ಲಿ ಬರುವ ಒಂದು ಸಣ್ಣ ಅಧ್ಯಾಯವನ್ನು ವಿಮರ್ಶೆಗೆ ವಸ್ತುವಾಗಿ ಆರಿಸಿಕೊಂಡುದಕ್ಕೆ ಕಾರಣ ಹೇಳುವುದು ಅಗತ್ಯ. ಪ್ರಮಾಣಗ್ರಂಥವೂ ಒಂದು ಕೃತಿಯೇ. ಅದಕ್ಕೂ ಕರ್ತೃಗಳುಂಟು; ತಮ್ಮ ಓದುಗನು ಇಂಥವನೆಂಬ ಕಲ್ಪನೆ ಅವರಿಗೂ ಉಂಟು; ಹೇಳಿದ ಮಾತಿಗಿಂತ ಹೇಳದೆ ಬಿಟ್ಟ ಮಾತೇ ಹೆಚ್ಚು ಪರಿಣಾಮಕಾರಿಯಾಗುವ ಸಂದರ್ಭಗಳು ಕಾವ್ಯದಲ್ಲಿರುವಂತೆ ಇಲ್ಲಿಯೂ ಉಂಟು. ವ್ಯತ್ಯಾಸವಿಷ್ಟೆ: ಕಾವ್ಯದ ದೋಷವನ್ನು ಸಹೃದಯನು ಗುರುತಿಸಿ ಸುಮ್ಮನಾಗಬಹುದು, ಪ್ರಮಾಣಗ್ರಂಥದ ದೋಷವಾದರೋ ಅದನ್ನು ಎಂದೂ ಓದದವರ ಲೆಕ್ಕಪತ್ರಗಳಲ್ಲಿ ಬಂದು ಕುಳಿತುಕೊಳ್ಳುತ್ತದೆ. ಸಿ ಭಾಷೆಯ ಪ್ರಮಾಣಗ್ರಂಥದಲ್ಲಿನ ಲೊಕೇಲ್ ಅಧ್ಯಾಯ ಅಂಥದು. 1989ರಲ್ಲಿ ಅಮೆರಿಕದ ಪ್ರಮಾಣವಾಗಿಯೂ 1990ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾಗಿಯೂ ಅಂಗೀಕೃತವಾದ ಈ ಅಧ್ಯಾಯವು ತನ್ನ ಮೂಲರೂಪವನ್ನು ಬಹುಮಟ್ಟಿಗೆ ಇಂದಿಗೂ ಉಳಿಸಿಕೊಂಡಿದೆ. ಅನಂತರ ಹುಟ್ಟಿದ ಅನೇಕ ಭಾಷೆಗಳು ಸಿ ಭಾಷೆಯ ಲೈಬ್ರರಿಯನ್ನೇ ಅಡಿಪಾಯವಾಗಿ ಮಾಡಿಕೊಂಡುದರಿಂದ ಇದರ ಗುಣದೋಷಗಳೆರಡೂ ಅವುಗಳಿಗೆ ಪಿತ್ರಾರ್ಜಿತವಾಗಿ ಬಂದಿವೆ.

ಅಧ್ಯಾಯದ ಉದ್ದೇಶ ಶ್ಲಾಘ್ಯವಾದುದು. ಸಂಖ್ಯೆಯನ್ನು ಬರೆಯುವ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ. ನಾವು ಪೂರ್ಣಾಂಕವನ್ನೂ ಭಿನ್ನಭಾಗವನ್ನೂ ಬಿಂದುವಿನಿಂದ ಬೇರ್ಪಡಿಸುತ್ತೇವೆ. ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳವರು ಅಲ್ಪವಿರಾಮದಿಂದ ಬೇರ್ಪಡಿಸುತ್ತಾರೆ. ನಾವು ಸಾವಿರದ ಸ್ಥಾನದಲ್ಲಿ ಅಲ್ಪವಿರಾಮ ಹಾಕಿದರೆ ಜರ್ಮನರು ಅಲ್ಲಿ ಬಿಂದುವನ್ನು ಹಾಕುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಮೇಲಣ ಒಂಟಿ ಉದ್ಧರಣ ಚಿಹ್ನೆ. ಫ್ರೆಂಚರಿಗೆ ಬರಿಯ ತೆರಪು ಸಾಕು. 1.500 ಎಂಬ ಬರಹ ಬೆಂಗಳೂರಿನಲ್ಲಿ ಒಂದೂವರೆ, ಬರ್ಲಿನ್ನಿನಲ್ಲಿ ಒಂದು ಸಾವಿರದ ಐನೂರು. ಈ ಭೇದಗಳನ್ನು ಪ್ರತಿಯೊಂದು ಪ್ರೋಗ್ರಾಮಿನಲ್ಲಿಯೂ ಮತ್ತೆ ಮತ್ತೆ ಬರೆಯುವ ಬದಲು ಒಂದೆಡೆ ಸಂಗ್ರಹಿಸಿ, ಅದಕ್ಕೆ ಲೊಕೇಲ್ ಎಂಬ ಹೆಸರು ಕೊಟ್ಟು, ಬಳಕೆದಾರನ ಇಚ್ಛೆಯಂತೆ ಅದನ್ನು ಬದಲಾಯಿಸುವ ಅವಕಾಶ ಮಾಡಿಕೊಡುವುದೇ ಗ್ರಂಥಕರ್ತರ ಆಶಯ. ಪ್ರೋಗ್ರಾಮು ಆರಂಭವಾದಾಗ 'ಸಿ' ಎಂಬ ಹೆಸರಿನ ತಟಸ್ಥ ಲೊಕೇಲ್ ಜಾರಿಯಲ್ಲಿರುತ್ತದೆ. ಅದರಲ್ಲಿ ದಶಮಾಂಶಕ್ಕೆ ಬಿಂದು, ಅಂಕಿಗಳ ಗುಂಪುಗಳ ನಡುವೆ ಏನೂ ಇಲ್ಲ. ಸೆಟ್‌ಲೊಕೇಲ್ ಎಂಬ ಫಂಕ್ಷನ್ನಿಗೆ ಬರಿದಾದ ಹೆಸರನ್ನು ಕೊಟ್ಟು ಕರೆದರೆ ಬಳಕೆದಾರನ ಪರಿಸರದಲ್ಲಿ ಗೊತ್ತುಪಡಿಸಿದ ಲೊಕೇಲ್ ಜಾರಿಗೆ ಬರುತ್ತದೆ. ಅಕ್ಷರಗಳ ಜಾತಿ, ಅಕಾರಾದಿ ಕ್ರಮ, ಹಣ, ಕಾಲ, ಸಂಖ್ಯೆ ಎಂಬ ವಿಭಾಗಗಳನ್ನು ಬೇರೆ ಬೇರೆಯಾಗಿಯೂ ಗೊತ್ತುಪಡಿಸಬಹುದು. ಇಲ್ಲಿ ನಾವು ಪರಿಶೀಲಿಸುವುದು ಸಂಖ್ಯಾವಿಭಾಗವೊಂದನ್ನೆ.

ಇಷ್ಟು ಒಳ್ಳೆಯ ಆಶಯವುಳ್ಳ ವ್ಯವಸ್ಥೆ ಎಲ್ಲಿ ಎಡವಿತು? ಸಂಖ್ಯೆಯನ್ನು ಬರೆಯುವುದಕ್ಕೆ ಎರಡು ಪ್ರಯೋಜನಗಳಿವೆ. ಒಂದು, ಮನುಷ್ಯನು ಓದಲೆಂದು ಬರೆಯುವುದು. ಇನ್ನೊಂದು, ಮತ್ತೊಂದು ಪ್ರೋಗ್ರಾಮು ಓದಲೆಂದು ಬರೆಯುವುದು. ಮೊದಲನೆಯದರಲ್ಲಿ ಓದುವವನ ರೂಢಿಯೇ ಪ್ರಮಾಣ. ಎರಡನೆಯದರಲ್ಲಿ ಬರೆದ ರೂಪ ಎಲ್ಲಿಗೆ ಹೋದರೂ ಒಂದೇ ಆಗಿರಬೇಕು. ಅಲ್ಲಿ ರೂಢಿಗೆ ಎಡೆಯಿಲ್ಲ. ಸಿ ಭಾಷೆಯ ಪ್ರಮಾಣಗ್ರಂಥವು ಈ ಎರಡು ಕೆಲಸಗಳನ್ನೂ ಒಂದೇ ಲೇಖನಿಗೆ ವಹಿಸಿತು. ಬರೆಯುವುದಕ್ಕೆ ಪ್ರಿಂಟ್‌ಎಫ್, ಓದುವುದಕ್ಕೆ ಸ್ಕ್ಯಾನ್‌ಎಫ್ ಮತ್ತು ಸ್ಟ್ರ್‌-ಟು-ಡಿ: ಪರದೆಯ ಮೇಲೆ ಫಲಿತಾಂಶ ತೋರಿಸುವಾಗಲೂ ಇವೇ, ಕಡತದಲ್ಲಿ ದತ್ತಾಂಶವನ್ನು ಇಡುವಾಗಲೂ ಇವೇ. ಲೊಕೇಲ್ ಬದಲಾದರೆ ಎರಡೂ ಒಟ್ಟಿಗೆ ಬದಲಾಗುತ್ತವೆ. ಗ್ರಂಥಕರ್ತರ ಮನಸ್ಸಿನಲ್ಲಿದ್ದ ಓದುಗನು ಮನುಷ್ಯನೊಬ್ಬನೇ. ಯಂತ್ರವೂ ಓದುತ್ತದೆಂಬುದನ್ನು ಯಂತ್ರಕ್ಕಾಗಿ ಬರೆದ ಗ್ರಂಥವೇ ಮರೆತದ್ದು ವಿಚಿತ್ರವಾಗಿದೆ.

ಇದರ ಫಲವನ್ನು ಒಂದು ಸರಳ ಉದಾಹರಣೆಯಿಂದ ನೋಡಬಹುದು. ಜರ್ಮನ್ ಲೊಕೇಲ್ ಜಾರಿಯಲ್ಲಿರುವ ಗಣಕದಲ್ಲಿ ಒಂದು ಪ್ರೋಗ್ರಾಮು 3.14 ಮತ್ತು 2.72 ಎಂಬ ಎರಡು ಅಳತೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಕಡತದಲ್ಲಿ ಬರೆಯಿತೆನ್ನೋಣ. ಕಡತದಲ್ಲಿ ಕಾಣುವುದು 3,14,2,72 ಎಂದು. ಅದನ್ನು ಇಲ್ಲಿ ತೆರೆದ ವಿದ್ಯಾರ್ಥಿಗೆ ಎರಡು ಅಳತೆಗಳ ಬದಲು ಮೂರು, ಹದಿನಾಲ್ಕು, ಎರಡು, ಎಪ್ಪತ್ತೆರಡು ಎಂಬ ನಾಲ್ಕು ಅಳತೆಗಳು ದೊರೆಯುತ್ತವೆ. ಎಕ್ಸೆಲ್ ತಂತ್ರಾಂಶವು ಜರ್ಮನ್ ವ್ಯವಸ್ಥೆಯಲ್ಲಿ ಇಂಥ ಕಡತಗಳಲ್ಲಿ ಅಲ್ಪವಿರಾಮದ ಬದಲು ಅರ್ಧವಿರಾಮವನ್ನು ಬಳಸುವುದು ಈ ತೊಡಕನ್ನು ತಪ್ಪಿಸಲೆಂದೇ. ಆದರೆ ಅದರಿಂದ ಕಡತದ ಹೆಸರು ಒಂದೇ ಆಗಿದ್ದು ರೂಪ ಎರಡಾಯಿತು.

ಇದರ ವಿಲೋಮವು ಇನ್ನೂ ಬೋಧಪ್ರದವಾಗಿದೆ. 3.14 ಎಂದು ಬರೆದಿರುವ ಕಡತವನ್ನು ಜರ್ಮನ್ ಲೊಕೇಲಿನಲ್ಲಿ ಓದಬೇಕಾಗಿದೆ. ಸಿ ಭಾಷೆಯ ಸ್ಟ್ರ್‌-ಟು-ಡಿ ಫಂಕ್ಷನ್ನಿಗೆ ಅಲ್ಲಿ ಬಿಂದುವು ದಶಮಾಂಶ ಚಿಹ್ನೆಯಲ್ಲ. ಆದ್ದರಿಂದ ಅದು ಬಿಂದುವಿನ ಹತ್ತಿರ ನಿಂತು 3 ಎಂಬ ಬೆಲೆಯನ್ನು ಕೊಡುತ್ತದೆ. ಜಾವಾ ಭಾಷೆಯಲ್ಲಿ ಅದೇ ಬರಹವನ್ನು ಜರ್ಮನ್ ಲೊಕೇಲಿನ ನಂಬರ್‌ಫಾರ್ಮ್ಯಾಟ್ ಮೂಲಕ ಓದಿಸಿದರೆ, ಬಿಂದುವನ್ನು ಸಾವಿರದ ಗುಂಪಿನ ಚಿಹ್ನೆಯೆಂದು ಬಗೆದು ಅದನ್ನು ದಾಟಿಹೋಗಿ 314 ಎನ್ನುತ್ತದೆ. ಒಂದೇ ಬರಹಕ್ಕೆ ಮೂರು ಪಾಠಗಳು: 3.14, 3, 314. ಹಸ್ತಪ್ರತಿಗಳ ಪಾಠಾಂತರಗಳನ್ನು ಬಲ್ಲ ನಮ್ಮ ಸಾಹಿತ್ಯವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಆದರೆ ಅಲ್ಲಿ ಅಪಪಾಠವು ಛಂದಸ್ಸನ್ನೋ ಅರ್ಥವನ್ನೋ ಕೆಡಿಸಿ ತಾನಾಗಿಯೇ ಸಿಕ್ಕಿಬೀಳುತ್ತದೆ. ಇಲ್ಲಿ 3 ಎಂಬುದೂ ಸುಸಂಬದ್ಧ, 314 ಎಂಬುದೂ ಸುಸಂಬದ್ಧ. ಯಾವ ತಪ್ಪಿನ ಸೂಚನೆಯೂ ಇಲ್ಲದೆ ಲೆಕ್ಕ ಮುಂದುವರಿಯುತ್ತದೆ. ಓದು ಎಲ್ಲಿ ನಿಂತಿತೆಂಬುದನ್ನು ತಿಳಿಸುವ ಸೌಕರ್ಯ ಸ್ಟ್ರ್‌-ಟು-ಡಿ ಫಂಕ್ಷನ್ನಿನಲ್ಲಿ ಇದೆಯೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಅದನ್ನು ಪರೀಕ್ಷಿಸಿದವನಿಗೆ ದೋಷ ಗೊತ್ತಾಗುತ್ತದೆ. ಅದರ ಸೋದರನಾದ ಎ-ಟು-ಎಫ್ ಫಂಕ್ಷನ್ನಿನಲ್ಲಿ ಅದೂ ಇಲ್ಲ. ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಸಿಗುವುದೂ ಅದೇ.

ಎರಡನೆಯ ದೋಷ ಮೊದಲನೆಯದನ್ನು ಮತ್ತಷ್ಟು ಉಲ್ಬಣಗೊಳಿಸುತ್ತದೆ. ಲೊಕೇಲ್ ಎಂಬುದು ಇಡೀ ಪ್ರೋಗ್ರಾಮಿಗೆ ಒಂದೇ. ಯಾವುದೋ ಮೂಲೆಯಲ್ಲಿ ಯಾರೋ ಸೆಟ್‌ಲೊಕೇಲ್ ಕರೆದರೆ ಪ್ರೋಗ್ರಾಮಿನ ಉಳಿದೆಲ್ಲ ಭಾಗಗಳಲ್ಲಿಯೂ ಬಿಂದು ಅಲ್ಪವಿರಾಮವಾಗುತ್ತದೆ. ಕಿಟಕಿ, ಗುಂಡಿಗಳನ್ನು ಚಿತ್ರಿಸುವ ಜಿಟಿಕೆ ಲೈಬ್ರರಿಯು ಆರಂಭದಲ್ಲಿಯೇ, ಬೇಡವೆಂದು ಮೊದಲೇ ತಿಳಿಸಿದ್ದ ಹೊರತು, ಬಳಕೆದಾರನ ಲೊಕೇಲನ್ನು ಜಾರಿಗೆ ತರುತ್ತದೆ. ಚಿತ್ರಲೇಖನದ ತಂತ್ರಾಂಶವೊಂದು ಇದನ್ನು ಬಳಸಿಕೊಂಡು, ಎಚ್ಚರವಿಲ್ಲದೆ ಪ್ರಿಂಟ್‌ಎಫ್ ಮೂಲಕ ನಕ್ಷೆಯ ಅಂಕಿಗಳನ್ನು ಬರೆದರೆ ಆ ನಕ್ಷೆಯನ್ನು ಬೇರೆ ಯಾವ ತಂತ್ರಾಂಶವೂ ಸರಿಯಾಗಿ ಓದಲಾರದು. ಇದಕ್ಕೆ ಜನ ಕಂಡುಕೊಂಡ ಉಪಾಯವೆಂದರೆ ಬರೆಯುವ ಮೊದಲು ಲೊಕೇಲನ್ನು 'ಸಿ'ಗೆ ಬದಲಾಯಿಸಿ, ಬರೆದಾದ ಮೇಲೆ ಮೊದಲಿನಂತೆ ಮಾಡುವುದು. ಒಂದೇ ಪ್ರೋಗ್ರಾಮಿನಲ್ಲಿ ಹಲವು ಥ್ರೆಡ್‌ಗಳು ಏಕಕಾಲದಲ್ಲಿ ನಡೆಯುವ ಇಂದಿನ ಕ್ರಮದಲ್ಲಿ ಈ ಉಪಾಯ ಅಪಾಯವೇ ಸರಿ: ಒಬ್ಬನು ಬದಲಾಯಿಸಿದ ಆ ಕ್ಷಣದಲ್ಲಿ ಇನ್ನೊಬ್ಬನು ಬರೆಯುತ್ತಿರಬಹುದು. ಪ್ರತಿಯೊಂದು ಥ್ರೆಡ್ಡಿಗೂ ತನ್ನದೇ ಲೊಕೇಲ್ ಇಟ್ಟುಕೊಳ್ಳುವ ಅವಕಾಶವನ್ನು 2008ರ ಪಾಸಿಕ್ಸ್ ಪ್ರಮಾಣ ಒದಗಿಸಿತು. ಸಿ ಭಾಷೆಯ ಪ್ರಮಾಣಗ್ರಂಥ ಹುಟ್ಟಿ ಆಗಲೇ ಹತ್ತೊಂಬತ್ತು ವರ್ಷಗಳಾಗಿದ್ದವು.

ಪೈಥಾನ್ ಭಾಷೆಯ ಅನುಭವ ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ತನ್ನ ಸಂಖ್ಯೆಗಳು ಎಲ್ಲೆಲ್ಲಿಯೂ ಒಂದೇ ರೂಪದಲ್ಲಿರಬೇಕೆಂದು ಅದು ಮೊದಲು ಸಂಖ್ಯಾವಿಭಾಗವನ್ನು ಸದಾ 'ಸಿ' ಲೊಕೇಲಿನಲ್ಲಿಯೇ ಹಿಡಿದಿಟ್ಟಿತ್ತು. ಆಗ ಅದರೊಡನೆ ಕೂಡಿ ಕೆಲಸಮಾಡುತ್ತಿದ್ದ ಜಿಟಿಕೆಯಂಥ ಲೈಬ್ರರಿಗಳು ಬಳಕೆದಾರನಿಗೆ ಅವನ ರೂಢಿಯ ಅಲ್ಪವಿರಾಮವನ್ನು ತೋರಿಸಲಾರದೆ ಹೋದುವು. ಯಂತ್ರದ ಹಿತ ಕಾಯಲು ಹೋಗಿ ಮನುಷ್ಯನ ಹಿತ ಕೆಟ್ಟಿತು. 2003ರ 331ನೆಯ ಪ್ರಸ್ತಾವ ಈ ಬಂಧನವನ್ನು ಬಿಡಿಸಿತು: ಪೈಥಾನ್ ತನ್ನ ಓದುಬರಹಕ್ಕೆ ಲೊಕೇಲನ್ನು ಲೆಕ್ಕಿಸದ ಸ್ವಂತ ಫಂಕ್ಷನ್ನುಗಳನ್ನು ಇಟ್ಟುಕೊಂಡು, ಲೊಕೇಲನ್ನು ಬಳಕೆದಾರನಿಗೆ ಬಿಟ್ಟುಕೊಟ್ಟಿತು. ಜಿಟಿಕೆಯ ಜೊತೆಗಾರ ಲೈಬ್ರರಿಯಾದ ಜಿಲಿಬ್‌ನಲ್ಲಿಯೂ ಇಂಥ ಫಂಕ್ಷನ್ನುಗಳು ಇವೆ. ಸಿ++ ಭಾಷೆಗೆ ಇದೇ ಸೌಕರ್ಯ ಪ್ರಮಾಣಗ್ರಂಥದ ಮೂಲಕ ದೊರೆತದ್ದು 2017ರ ಆವೃತ್ತಿಯಲ್ಲಿ. ಜಾವಾಸ್ಕ್ರಿಪ್ಟ್ ಭಾಷೆಯವರದು ಇವೆಲ್ಲಕ್ಕಿಂತ ಸರಳವಾದ ವಿವೇಕ: ಯಂತ್ರಕ್ಕೆ ಬರೆಯುವ ಫಂಕ್ಷನ್ನಿಗೆ ಒಂದು ಹೆಸರು, ಮನುಷ್ಯನಿಗೆ ಬರೆಯುವುದಕ್ಕೆ ಲೊಕೇಲ್ ಎಂಬ ಪದವನ್ನು ಸೇರಿಸಿಕೊಂಡ ಇನ್ನೊಂದು ಹೆಸರು. ಕರೆಯುವವನು ಯಾರಿಗಾಗಿ ಬರೆಯುತ್ತಿದ್ದಾನೆಂಬುದನ್ನು ಹೆಸರೇ ಕೇಳುತ್ತದೆ.

ದೋಷಗಳನ್ನು ಇಷ್ಟು ಎತ್ತಿ ಆಡಿದ ಮೇಲೆ, ಈ ಅಧ್ಯಾಯದಲ್ಲಿ ನಿಜವಾಗಿಯೂ ಮೆಚ್ಚತಕ್ಕ ಒಂದು ಅಂಶವನ್ನು ವಿಸ್ತಾರವಾಗಿ ನೋಡುವುದು ಉಚಿತ. ಅದು ಅಂಕಿಗಳ ಗುಂಪುಗಾರಿಕೆಗೆ ಸಂಬಂಧಿಸಿದುದು. ನಮಗೆ ಹತ್ತಿರದ ವಿಷಯವೂ ಹೌದು. ಪಾಶ್ಚಾತ್ಯರು ಬಲದಿಂದ ಎಡಕ್ಕೆ ಮೂರು ಮೂರು ಅಂಕಿಗಳಂತೆ ಗುಂಪು ಮಾಡಿ 1,234,567 ಎಂದು ಬರೆಯುತ್ತಾರೆ. ನಾವು ಮೊದಲು ಮೂರು, ಅನಂತರ ಎರಡೆರಡು ಮಾಡಿ 12,34,567 ಎಂದು ಬರೆಯುತ್ತೇವೆ. ಇದು ಬರಿಯ ಅಲಂಕಾರವಲ್ಲ; ನಾವು ಸಂಖ್ಯೆಗೆ ಹೆಸರಿಡುವ ಕ್ರಮವೇ ಹಾಗೆ. ಹನ್ನೆರಡು ಲಕ್ಷದ ಮೂವತ್ತನಾಲ್ಕು ಸಾವಿರದ ಐನೂರ ಅರವತ್ತೇಳು ಎಂದು ಬಾಯಲ್ಲಿ ಬರುವುದನ್ನೇ ಅಲ್ಪವಿರಾಮಗಳು ಕಣ್ಣಿಗೆ ತೋರಿಸುತ್ತವೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರನ್ನು ಹೇಳಿದ್ದಾನೆ. ಅವುಗಳಲ್ಲಿ ಲಕ್ಷ ಮತ್ತು ಕೋಟಿ ಇಂದಿಗೂ ನಮ್ಮ ಅಂಗಡಿಗಳಲ್ಲಿಯೂ ಆಯವ್ಯಯ ಪತ್ರಗಳಲ್ಲಿಯೂ ಜೀವಂತವಾಗಿವೆ.

ಸಿ ಭಾಷೆಯ ಗ್ರಂಥಕರ್ತರು ಗುಂಪಿನ ಗಾತ್ರವನ್ನು ಒಂದು ಸಂಖ್ಯೆಯಾಗಿ ಇಡದೆ ಗಾತ್ರಗಳ ಸಾಲಾಗಿ ಇಟ್ಟರು. ಸಾಲಿನ ಮೊದಲನೆಯದು ಬಲತುದಿಯ ಗುಂಪಿನ ಗಾತ್ರ, ಎರಡನೆಯದು ಅದರ ಎಡದ ಗುಂಪಿನದು, ಹೀಗೆ. ಸಾಲು ಮುಗಿದರೆ ಕೊನೆಯ ಗಾತ್ರ ಆವರ್ತಿಸುತ್ತದೆ. ಮೂರು ಎಂದಷ್ಟೇ ಬರೆದರೆ ಪಾಶ್ಚಾತ್ಯ ಪದ್ಧತಿ. ಮೂರು, ಎರಡು ಎಂದು ಬರೆದರೆ ನಮ್ಮದು. ನಾಲ್ಕು ಅಕ್ಷರ ಹೆಚ್ಚು ವೆಚ್ಚಮಾಡದೆ ಎರಡು ಸಂಪ್ರದಾಯಗಳಿಗೂ ಸಮಾನವಾದ ಸ್ಥಾನ ದೊರೆತಿದೆ. ಇದರ ಬೆಲೆ ತಿಳಿಯಬೇಕಾದರೆ ಅನಂತರ ಬಂದ ಜಾವಾ ಭಾಷೆಯನ್ನು ನೋಡಬೇಕು. ಅದರ ಡೆಸಿಮಲ್‌ಫಾರ್ಮ್ಯಾಟ್‌ನಲ್ಲಿ ಮಾದರಿಯೊಳಗೆ ಎಷ್ಟು ಅಲ್ಪವಿರಾಮಗಳನ್ನು ಹಾಕಿದರೂ ಕೊನೆಯದರಿಂದ ಸಂಖ್ಯೆಯ ತುದಿಯವರೆಗಿನ ಅಂತರವೊಂದನ್ನೇ ಗಣನೆಗೆ ತೆಗೆದುಕೊಳ್ಳಲಾಗುವುದೆಂದು ಅದರ ವಿವರಣಗ್ರಂಥವೇ ಹೇಳುತ್ತದೆ. ಲಕ್ಷ ಕೋಟಿಗಳ ಮಾದರಿಯನ್ನು ಕೊಟ್ಟರೂ ಅದು ಮೂರು ಮೂರಾಗಿಯೇ ಬರೆಯುತ್ತದೆ. ಕೇಳಿದ್ದನ್ನು ಕೇಳಿಸಿಕೊಂಡಂತೆ ನಟಿಸಿ ತನ್ನಿಷ್ಟದಂತೆ ಮಾಡುವ ಗುಮಾಸ್ತನ ಹಾಗೆ. ಐಸಿಯು ಲೈಬ್ರರಿಯಲ್ಲಿ ಮೊದಲ ಗುಂಪಿಗೆ ಒಂದು ಗಾತ್ರ, ಉಳಿದವಕ್ಕೆ ಇನ್ನೊಂದು ಗಾತ್ರವೆಂಬ ಏರ್ಪಾಡಿದ್ದು ಆ ಕೊರತೆ ನೀಗಿದೆ.

ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕೋಟಿಯಾದ ಮೇಲೆ ನಮ್ಮ ವ್ಯವಹಾರದ ಎಣಿಕೆ ಮುಂದಿನ ಹೊಸ ಹೆಸರುಗಳಿಗೆ ಹೋಗುವುದಿಲ್ಲ. ಕೋಟಿಯನ್ನೇ ಏಕಕವಾಗಿ ಮಾಡಿಕೊಂಡು ಸಾವಿರ ಕೋಟಿ, ಲಕ್ಷ ಕೋಟಿ ಎಂದು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಅಂದಮೇಲೆ ಒಂದು ಲಕ್ಷ ಕೋಟಿಯನ್ನು ಎರಡೆರಡರ ಆವರ್ತನದಂತೆ 10,00,00,00,00,000 ಎಂದು ಬರೆದರೆ ಅಲ್ಪವಿರಾಮಗಳು ಬಾಯಿಯ ಮಾತಿಗೆ ಹೊಂದುವುದಿಲ್ಲ. ಮಾತಿಗೆ ಹೊಂದುವಂತೆ ಬರೆಯಬೇಕಾದರೆ 1,00,000,00,00,000 ಎಂದಾಗಬೇಕು: ಬಲಗಡೆಯ ಏಳು ಅಂಕಿಗಳು ಕೋಟಿಯೊಳಗಿನವು, ಎಡಗಡೆಯವು ಕೋಟಿಗಳ ಲೆಕ್ಕ. ವೃತ್ತಪತ್ರಿಕೆಗಳು 1,00,000 ಕೋಟಿ ಎಂದು ಅಂಕಿಯನ್ನೂ ಪದವನ್ನೂ ಬೆರೆಸಿ ಬರೆಯುವುದು ಈ ಇಕ್ಕಟ್ಟಿನಿಂದ ಪಾರಾಗಲೆಂದೇ ಇರಬೇಕು. ಸಿ ಭಾಷೆಯ ಗಾತ್ರಗಳ ಸಾಲಿನಲ್ಲಿ ಮೂರು, ಎರಡು, ಎರಡು, ಮೂರು, ಎರಡು, ಎರಡು ಎಂದು ಬರೆದು ಈ ಕ್ರಮವನ್ನು ಹೇಳಬಹುದು. ಎರಡೇ ಗಾತ್ರಗಳನ್ನು ಇಟ್ಟುಕೊಂಡ ವ್ಯವಸ್ಥೆಯಲ್ಲಿ ಹೇಳಲು ಬಾರದು. ಗ್ರಂಥಕರ್ತರು ಇದನ್ನು ಉದ್ದೇಶಿಸಿದ್ದರೆಂದು ನಮ್ಮ ವಾದವಲ್ಲ. ಒಳ್ಳೆಯ ನಿರೂಪಣೆಯು ಕರ್ತೃವು ಎಣಿಸದ ಸಂಗತಿಗಳಿಗೂ ಎಡೆಕೊಡುತ್ತದೆಂಬುದಷ್ಟೇ ನಾವು ಹೇಳುವುದು.

ಇಷ್ಟು ಚೆನ್ನಾಗಿ ಗುಂಪಿನ ನಿಯಮವನ್ನು ನಿರೂಪಿಸಿದ ಗ್ರಂಥವು ಅದರಂತೆ ಬರೆಯುವ ಒಂದು ಫಂಕ್ಷನ್ನನ್ನೂ ಕೊಡಲಿಲ್ಲ! ಲೊಕೇಲ್‌ಕಾನ್ವ್ ಎಂಬ ಫಂಕ್ಷನ್ನು ನಿಯಮವನ್ನು ತಿಳಿಸುತ್ತದೆ. ಬರೆಯುವ ಶ್ರಮ ನಿಮ್ಮದು. ಪ್ರಿಂಟ್‌ಎಫ್‌ನಲ್ಲಿ ಒಂಟಿ ಉದ್ಧರಣ ಚಿಹ್ನೆಯನ್ನು ಸೇರಿಸಿದರೆ ಗುಂಪು ಮಾಡಿ ಬರೆಯುವ ಸೌಕರ್ಯವು ಯೂನಿಕ್ಸ್ ಪ್ರಮಾಣದಿಂದ ಬಂದುದೇ ಹೊರತು ಸಿ ಭಾಷೆಯದಲ್ಲ. ಅಡಿಗೆಯ ವಿಧಾನವನ್ನು ಸವಿಸ್ತಾರವಾಗಿ ತಿಳಿಸಿ ಒಲೆಯನ್ನು ಕೊಡದೆ ಹೋದಂತಾಯಿತು. ಪೈಥಾನಿನಲ್ಲಿ 2009ರ 378ನೆಯ ಪ್ರಸ್ತಾವದಿಂದ ಅಲ್ಪವಿರಾಮದ ಸೌಕರ್ಯ ಬಂದಿತಾದರೂ ಅದು ಸದಾ ಮೂರು ಮೂರರ ಗುಂಪು. ಸರಳವಾದ ಒಂದು ಅಗತ್ಯವನ್ನು ಸರಳವಾಗಿ ಪೂರೈಸುವುದು ಆ ಪ್ರಸ್ತಾವದ ಗುರಿ. ಆ ಮಟ್ಟಿಗೆ ಅದು ಸಫಲ. ಆದರೆ ನಮ್ಮ ವಿದ್ಯಾರ್ಥಿಗಳು ಅದನ್ನೇ ತಟಸ್ಥ ರೂಪವೆಂದು ತಿಳಿದು ತಮ್ಮ ಪ್ರಬಂಧಗಳಲ್ಲಿ ಕರ್ನಾಟಕದ ಜನಸಂಖ್ಯೆಯನ್ನೂ ಹಳ್ಳಿಯ ಕಂದಾಯವನ್ನೂ ಮೂರು ಮೂರಾಗಿ ಬರೆಯುತ್ತಿರುವುದನ್ನು ನೋಡಿದರೆ, ಮನುಷ್ಯನ ಓದಿಗೆ ತಟಸ್ಥ ರೂಪವೆಂಬುದೊಂದು ಇಲ್ಲವೆಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕೆನಿಸುತ್ತದೆ. 'ಸಿ' ಲೊಕೇಲಿನ ಬಿಂದುವೂ ಒಂದು ದೇಶದ ರೂಢಿಯೇ. ಯಂತ್ರಗಳ ನಡುವಣ ಮಾತಿಗೆ ಯಾವುದಾದರೊಂದನ್ನು ಒಪ್ಪಿಕೊಳ್ಳಲೇಬೇಕಾದುದರಿಂದ ಅದನ್ನು ಒಪ್ಪಿದ್ದೇವೆ. ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಬಿಂದುವಿಗೆ ಮಾತ್ರ ಅವಕಾಶವಿರುವುದು ಈ ಒಪ್ಪಂದದಿಂದಲೇ.

ಎಲ್ಲರೂ ಒಂದೇ ಚಿಹ್ನೆಯನ್ನು ಬಳಸಿದರೆ ಈ ಜಂಜಾಟವೇ ಇರದೆಂದು ಕೆಲವರು ವಾದಿಸುವುದುಂಟು. ತೂಕ ಮತ್ತು ಅಳತೆಗಳ ಸಾರ್ವತ್ರಿಕ ಸಮ್ಮೇಳನವು 2003ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು, ದಶಮಾಂಶ ಚಿಹ್ನೆ ಬಿಂದುವಾದರೂ ಆಗಬಹುದು ಅಲ್ಪವಿರಾಮವಾದರೂ ಆಗಬಹುದು ಎಂದು ನಿರ್ಣಯಿಸಿತು. ದೊಡ್ಡ ಸಂಖ್ಯೆಗಳನ್ನು ಮೂರು ಮೂರಾಗಿ ವಿಂಗಡಿಸಬಹುದು, ಆದರೆ ಗುಂಪುಗಳ ನಡುವಣ ತೆರಪಿನಲ್ಲಿ ಬಿಂದುವನ್ನಾಗಲಿ ಅಲ್ಪವಿರಾಮವನ್ನಾಗಲಿ ಹಾಕಕೂಡದೆಂಬ 1948ರ ಮಾತನ್ನು ಪುನರುಚ್ಚರಿಸಿತು. ರಾಷ್ಟ್ರಗಳ ಪ್ರತಿನಿಧಿಗಳೇ ಕೂಡಿ ಒಂದು ಚುಕ್ಕೆಯ ವಿಷಯದಲ್ಲಿ ಒಮ್ಮತಕ್ಕೆ ಬರಲಾಗದಿದ್ದಾಗ ತಂತ್ರಾಂಶ ಬರೆಯುವವನು ಆ ಆಸೆಯನ್ನು ಬಿಡುವುದು ಲೇಸು. ಭೌತವಿಜ್ಞಾನದ ಪತ್ರಿಕೆಗಳಿಗೆ ಆ ನಿರ್ಣಯ ಸಾಕು. ಆಯವ್ಯಯ ಪತ್ರಕ್ಕೂ ಬ್ಯಾಂಕಿನ ಪಾಸ್‌ಬುಕ್ಕಿಗೂ ಸಾಲದು.

ಹೆಸರುಗಳ ಗೊಂದಲವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಸಿ ಭಾಷೆಯ ಪ್ರಮಾಣಗ್ರಂಥ ಹೆಸರಿಸುವ ಲೊಕೇಲ್ 'ಸಿ' ಒಂದೇ. ಉಳಿದ ಹೆಸರುಗಳನ್ನೂ ಅವುಗಳೊಳಗಿನ ದತ್ತಾಂಶವನ್ನೂ ಆಯಾ ವ್ಯವಸ್ಥೆಗೆ ಬಿಟ್ಟುದರಿಂದ, ಲಿನಕ್ಸ್‌ನಲ್ಲಿ ಭಾಷೆಗೂ ದೇಶಕ್ಕೂ ಎರಡೆರಡು ಅಕ್ಷರಗಳಿಂದ ಕೂಡಿದ ಹೆಸರು ನಡೆದರೆ ವಿಂಡೋಸಿನಲ್ಲಿ ಬಹುಕಾಲ ಜರ್ಮನ್, ಜರ್ಮನಿ ಎಂಬ ಪೂರ್ಣಪದಗಳ ಹೆಸರು ನಡೆಯಿತು. ಯೂನಿಕೋಡಿನ ಆಶ್ರಯದಲ್ಲಿ ಬೆಳೆದ ಸಿಎಲ್‌ಡಿಆರ್ ಎಂಬ ಸಾಮಾನ್ಯ ಭಂಡಾರ ಈ ಕೊರತೆಯನ್ನು ಬಹಳಮಟ್ಟಿಗೆ ತುಂಬಿದೆ. ಜಾವಾ ತನ್ನ ಹಳೆಯ ಸಂಗ್ರಹವನ್ನು ಬಿಟ್ಟು 2017ರ ಒಂಬತ್ತನೆಯ ಆವೃತ್ತಿಯಿಂದ ಇದನ್ನೇ ಮೊದಲ ಆಯ್ಕೆಯಾಗಿ ಬಳಸುತ್ತಿದೆ. ಆದರೆ ಭಂಡಾರವೂ ನಿಂತ ನೀರಲ್ಲ. ಫ್ರೆಂಚಿನ ಸಾವಿರದ ತೆರಪು 2018ರ ಆವೃತ್ತಿಯಲ್ಲಿ ಸಾಧಾರಣ ಅಖಂಡ ತೆರಪಿನಿಂದ ಕಿರಿದಾದ ಅಖಂಡ ತೆರಪಿಗೆ ಬದಲಾಯಿತು. ಮುದ್ರಣದ ದೃಷ್ಟಿಯಿಂದ ಅದು ಸರಿಯಾದ ತಿದ್ದುಪಾಟು, ಕಣ್ಣಿಗೆ ವ್ಯತ್ಯಾಸ ಕಂಡೂ ಕಾಣದಷ್ಟು. ಹಿಂದೆ ಲೊಕೇಲಿನ ಮೂಲಕ ಬರೆದಿಟ್ಟ ಸಂಖ್ಯೆಯನ್ನು ಹೊಸ ಆವೃತ್ತಿಯ ಮೂಲಕ ಓದಲು ಹೋದವರಿಗೆ ಮಾತ್ರ, ತೆರಪಿನ ಗುರುತು ಸಿಗದೆ ಓದು ಅಲ್ಲಿಯೇ ನಿಂತು, ಒಂದು ಸಾವಿರದ ಇನ್ನೂರು ಎಂಬುದು ಒಂದು ಎಂದಾಗುವ ಸಂಭವ ಒದಗಿತು. ಮನುಷ್ಯನಿಗೆಂದು ಬರೆದುದನ್ನು ಯಂತ್ರಕ್ಕೆ ಓದಿಸಬಾರದೆಂಬ ನಮ್ಮ ಮೊದಲಿನ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಕನ್ನಡದ ಅಂಕಿಗಳ ವಿಷಯವನ್ನು ಇಲ್ಲಿ ಸೇರಿಸಬೇಕು. ಸಂವಿಧಾನದ 343ನೆಯ ಅನುಚ್ಛೇದವು ಕೇಂದ್ರದ ಅಧಿಕೃತ ವ್ಯವಹಾರಕ್ಕೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು ಗೊತ್ತುಪಡಿಸಿದೆ; ಕನ್ನಡದ ಮುದ್ರಣದಲ್ಲಿಯೂ ಈಗ ಆ ರೂಪವೇ ಹೆಚ್ಚು. ಆದರೂ ೦ಯಿಂದ ೯ರವರೆಗಿನ ನಮ್ಮ ಅಂಕಿಗಳಿಗೆ ಯೂನಿಕೋಡಿನಲ್ಲಿ ತಮ್ಮದೇ ಸ್ಥಾನವಿದೆ, ಸಿಎಲ್‌ಡಿಆರ್ ಭಂಡಾರದಲ್ಲಿ ಸಂಖ್ಯಾಪದ್ಧತಿಯಾಗಿ ಹೆಸರೂ ಇದೆ. ಜಾವಾಸ್ಕ್ರಿಪ್ಟಿನಲ್ಲಿ ಲೊಕೇಲಿನ ಹೆಸರಿಗೆ ಆ ಪದ್ಧತಿಯ ಹೆಸರನ್ನು ಜೋಡಿಸಿದರೆ ಸಂಖ್ಯೆ ಕನ್ನಡದ ಅಂಕಿಗಳಲ್ಲಿಯೇ ಬರುತ್ತದೆ. ಓದುವ ವಿಷಯದಲ್ಲಿ ಭಾಷೆಗಳು ಒಂದೊಂದು ಬಗೆ. ೧೨೩೪ ಎಂಬ ಬರಹವನ್ನು ಕೊಟ್ಟರೆ 'ಸಿ' ಲೊಕೇಲಿನಲ್ಲಿರುವ ಸ್ಟ್ರ್‌-ಟು-ಡಿ ಮೊದಲ ಅಂಕಿಯನ್ನೇ ಗುರುತಿಸದೆ ಸೊನ್ನೆಯನ್ನು ಹಿಂದಿರುಗಿಸುತ್ತದೆ. ಪೈಥಾನ್ ಅದನ್ನು ಯಾವ ಲೊಕೇಲಿನ ನೆರವೂ ಇಲ್ಲದೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಎಂದು ಓದಿ, ಮತ್ತೆ ಬರೆಯುವಾಗ 1234 ಎಂದು ಬರೆಯುತ್ತದೆ. ಕನ್ನಡದ ಹಳೆಯ ಲೆಕ್ಕದ ಪುಸ್ತಕಗಳನ್ನೂ ದತ್ತಿಶಾಸನಗಳ ಪಾಠಗಳನ್ನೂ ಗಣಕಕ್ಕೆ ಏರಿಸುತ್ತಿರುವ ವಿದ್ಯಾರ್ಥಿಗಳು ಕಡತದಲ್ಲಿ ಮೂಲದ ಅಂಕಿಯನ್ನು ಒಂದು ಅಂಕಣದಲ್ಲಿಯೂ ಯಂತ್ರಕ್ಕೆಂದು ಬಿಂದುವಿನ ರೂಪದ ಬೆಲೆಯನ್ನು ಇನ್ನೊಂದು ಅಂಕಣದಲ್ಲಿಯೂ ಇಟ್ಟುಕೊಳ್ಳುವುದು ಒಳ್ಳೆಯದು. ಅಂಕಣಗಳ ನಡುವೆ ಅಲ್ಪವಿರಾಮದ ಬದಲು ಟ್ಯಾಬ್ ಇರಲಿ.